ಮಣ್ಣಿನ ಕಿಲ್ಲಾ: ಆಟ, ಪ್ರತಿಮೆ, ಸಂಕಲ್ಪ

ದೀಪಾವಳಿಯ ಹೊತ್ತಿಗೆ ಮಕ್ಕಳು ಮನೆಯಂಗಳದಲ್ಲಿ ಕಲ್ಲುಮಣ್ಣಿನಿಂದ ಕಟ್ಟುವ ಕೋಟೆಗೆ ಕಿಲ್ಲಾ ಎಂದು ಹೆಸರು. ಮಹಾರಾಷ್ಟ್ರದ ಬಹುಭಾಗದಲ್ಲಿರುವ ಈ ರೂಢಿ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ, ಗಡಹಿಂಗ್ಲಜ, ಚಂದಗಡಗಳನ್ನು ದಾಟಿ ಬೆಳಗಾವಿಯ ಓಣಿಗಳಿಗೂ ಹಬ್ಬಿದೆ. ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು ಎಂಬ ಭೇದವಿಲ್ಲದೆ ಓಣಿಯ ಮಕ್ಕಳೆಲ್ಲ ಕೂಡಿ ಮಣ್ಣು ಕಲೆಸುತ್ತಾರೆ. ಹೊರದೇಶಗಳಲ್ಲಿ ದೊಡ್ಡವರೇ ವರ್ಷಗಟ್ಟಲೆ ಕುಳಿತು ರಣರಂಗದ ಮಾದರಿಗಳನ್ನು ಬುಡದಿಂದ ಕಟ್ಟುವ ಹವ್ಯಾಸವಿದೆ. ಕಿಲ್ಲಾ ಅದಕ್ಕೆ ಹತ್ತಿರದ ನೆಂಟ. ಆದರೆ ಇದು ಹಬ್ಬದೊಳಗೆ ಹುಟ್ಟಿ ಹಬ್ಬದೊಂದಿಗೆ ಮುಗಿಯುತ್ತದೆ. ಸಂಜೆಯಾದರೆ ಇದರ ಮುಂದೆ ಹಣತೆ ಉರಿಯುತ್ತದೆ.

ಹಣತೆ ಇಟ್ಟ ಮೇಲೆ ಕೆಲವು ಪ್ರಶ್ನೆಗಳೂ ಏಳುತ್ತವೆ. ಮಣ್ಣಿನ ಗುಡ್ಡೆಯೊಂದು ಇಂಥದೇ ಕೋಟೆ ಎನಿಸಿಕೊಳ್ಳುವುದು ಯಾವುದರಿಂದ? ಯುದ್ಧಕ್ಕೆಂದು ಹುಟ್ಟಿದ ವಸ್ತುವನ್ನು ಆಟವಾಗಿ ಕಟ್ಟಿದರೆ ಹಿಂಸೆಯ ಸೋಂಕು ತಗಲುತ್ತದೆಯೇ? ಇದು ಆಟಿಕೆಯೋ, ಪೂಜೆಗೆ ಅರ್ಹವಾದ ಪ್ರತಿಮೆಯೋ? ಇಷ್ಟು ದುಡಿದು ಕಟ್ಟಿದ್ದನ್ನು ಕೆಡವುವುದೇಕೆ? ಕನ್ನಡ ನಾಡಿನ ಧಾರ್ಮಿಕ ಚಿಂತನೆ ಈ ಪ್ರಶ್ನೆಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಹಿಂದೆಯೇ ಎದುರಿಸಿದೆ. ಅದು ಕೊಟ್ಟಿರುವ ಉತ್ತರಗಳು ಒಂದೇ ಆಗಿಲ್ಲ. ಆದರೆ ಅವೆಲ್ಲ ಸುತ್ತುವ ಗೂಟ ಒಂದೇ, ಅದು ಕಟ್ಟುವವರ ಸಂಕಲ್ಪ.

ಆ ಉತ್ತರಗಳಿಗೆ ಹೋಗುವ ಮೊದಲು ಕಿಲ್ಲಾ ಕಟ್ಟುವ ಸೀಮೆಯನ್ನು ನೋಡೋಣ. ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಇದೊಂದು ತಾಲ್ಲೂಕು ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಹಾಪುರ ಜಿಲ್ಲೆಯ ಪಾಲಾಯಿತು. ಸಹ್ಯಾದ್ರಿಯ ಅಂಚಿನಲ್ಲಿರುವ ಈ ಸೀಮೆಯಲ್ಲಿ ಮಳೆ ಹೆಚ್ಚು, ಮಣ್ಣು ಕೆಂಪು, ಕೋಟೆಗಳಿಗೂ ಬರವಿಲ್ಲ. ಪಾರಗಡ, ಕಲಾನಂದಿಗಡ, ಗಂಧರ್ವಗಡ, ಮಹಿಪಾಳಗಡ ಈ ನಾಲ್ಕೂ ಚಂದಗಡ ತಾಲ್ಲೂಕಿನವು. ಪಕ್ಕದ ಗಡಹಿಂಗ್ಲಜಕ್ಕೆ ಸಾಮಾನಗಡವಿದೆ. ಮಹಿಪಾಳಗಡದ ಕೋಟೆಯೊಳಗೆ ಒಂದು ಊರೇ ಇದೆ. ಗೋವೆಯ ದಾರಿಯ ಮೇಲೆ ಕಣ್ಣಿಡಲು ಶಿವಾಜಿ 1670ರ ದಶಕದಲ್ಲಿ ಕಟ್ಟಿಸಿದ ಪಾರಗಡಕ್ಕೆ, ಸಿಂಹಗಡದ ಕಾಳಗದಲ್ಲಿ ಮಡಿದ ತಾನಾಜಿ ಮಾಲುಸರೆಯ ಮಗ ರಾಯಬಾ ಮೊದಲ ಕಿಲ್ಲೆದಾರನಾದನೆಂದು ಪರಂಪರೆ ಹೇಳುತ್ತದೆ. ಆ ಮನೆತನದವರು ಇಂದಿಗೂ ಗಡದ ಮೇಲೆ ವಾಸವಾಗಿದ್ದಾರೆ. ಗಡಹಿಂಗ್ಲಜ ತಾಲ್ಲೂಕಿನ ನೇಸರಿಯಲ್ಲಿ 1674ರ ಫೆಬ್ರವರಿ 24ರಂದು ಸೇನಾಪತಿ ಪ್ರತಾಪರಾವ್ ಗುಜರ್ ಆರು ಜನ ಸವಾರರೊಂದಿಗೆ ವಿಜಾಪುರದ ಬಹಲೋಲ ಖಾನನ ಸೈನ್ಯದ ಮೇಲೆ ನುಗ್ಗಿ ಮಡಿದ ಜಾಗದಲ್ಲಿ ಸ್ಮಾರಕವಿದೆ. ಹೀಗಾಗಿ ಇಲ್ಲಿನ ಮಕ್ಕಳಿಗೆ ಕೋಟೆ ಎಂಬುದು ಪಠ್ಯಪುಸ್ತಕದ ಚಿತ್ರವಾಗಿ ಉಳಿದಿಲ್ಲ. ತಲೆಯೆತ್ತಿದರೆ ಕಾಣುವ ಬೆಟ್ಟ ಅದು.

ಕಿಲ್ಲಾ ಕಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಒಡೆದ ಇಟ್ಟಿಗೆ, ಜಂಬಿಟ್ಟಿಗೆ ಚೂರು, ಕಲ್ಲುಗಳನ್ನು ಗೋಡೆಯ ಮೂಲೆಗೆ ಒತ್ತಿ ಪೇರಿಸಿ ಬೆಟ್ಟದ ಎಲುಬುಗೂಡು ಮಾಡುತ್ತಾರೆ. ಕೆಮ್ಮಣ್ಣನ್ನು ಜರಡಿ ಹಿಡಿದು ಅಂಬಲಿಯ ಹದಕ್ಕೆ ಕಲೆಸಿ, ಹಳೆಯ ಗೋಣಿಚೀಲವನ್ನು ಅದರಲ್ಲಿ ಅದ್ದಿ ಕಲ್ಲಿನ ಮೇಲೆ ಹೊದಿಸುತ್ತಾರೆ. ಗೋಣಿ ಬಿದ್ದಲ್ಲಿ ಬಿದ್ದ ಮಡಿಕೆಗಳೇ ಕಣಿವೆಗಳಾಗುತ್ತವೆ. ಅದರ ಮೇಲೆ ಗಟ್ಟಿ ಮಣ್ಣನ್ನು ಬೆರಳಿನಿಂದ ಒತ್ತುತ್ತ ತಟಬಂದಿ, ಅಂದರೆ ಕೋಟೆಗೋಡೆ, ಎಳೆಯುತ್ತಾರೆ, ಡಬ್ಬಿಗೆ ಮಣ್ಣು ಮೆತ್ತಿ ಬುರುಜು ನಿಲ್ಲಿಸುತ್ತಾರೆ, ಅಡಿಪಟ್ಟಿಯ ಅಂಚಿನಿಂದ ಮೆಟ್ಟಿಲು ಕೊರೆಯುತ್ತಾರೆ. ಹಸಿರಿಗಾಗಿ ಸಾಸಿವೆ, ರಾಗಿ, ಅಳವಿ ಬೀಜ ಚೆಲ್ಲುವುದುಂಟು. ಇವುಗಳಲ್ಲಿ ಅಳವಿಗೆ ಒಂದು ಗುಣವಿದೆ. ನೀರು ತಗುಲಿದೊಡನೆ ಅದು ಲೋಳೆ ಬಿಟ್ಟು ಗೋಣಿಗೆ ಅಂಟಿಕೊಳ್ಳುತ್ತದೆ, ಎಷ್ಟೇ ಕಡಿದಾದ ಇಳಿಜಾರಿನಲ್ಲೂ ಜಾರುವುದಿಲ್ಲ. ಲಕ್ಷ್ಮೀಪೂಜೆಯ ದಿನ ಬೆಟ್ಟ ಹಸಿರಾಗಿ ಕಾಣಬೇಕಾದರೆ ನಾಲ್ಕೈದು ದಿನ ಮೊದಲೇ ಬಿತ್ತಿ, ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಬೇಕು. ಚೊಂಬಿನಿಂದ ಸುರಿದರೆ ತಟಬಂದಿ ಕರಗುತ್ತದೆ. ಕಡೆಗೆ ಸಂತೆಯಿಂದ ತಂದ ಗೊಂಬೆಗಳು ಬರುತ್ತವೆ: ಮೇಲೆ ಸಿಂಹಾಸನದಲ್ಲಿ ಶಿವಾಜಿ, ಬುರುಜುಗಳಲ್ಲಿ ಈಟಿ ಹಿಡಿದ ಅವನ ಕಾಲಾಳುಗಳಾದ ಮಾವಳರು, ಬಾಗಿಲಿನ ಪಕ್ಕ ತೋಪು, ಕೆಳಗೆ ಹಸು, ಬಾವಿ, ನೀರು ಹೊತ್ತ ಹೆಂಗಸು, ತರಕಾರಿ ಮಾರುವವಳು.

ಮೊದಲನೆಯ ಪ್ರಶ್ನೆ ಹೋಲಿಕೆಯದು. ಮಾದರಿ ಕಟ್ಟುವ ಹವ್ಯಾಸಿಗಳಿಗೆ ಅಳತೆಯೇ ಧರ್ಮ. ಜಪಾನಿನ ತಮಿಯಾ ಕಂಪನಿ 1960ರ ದಶಕದಿಂದ ಬಳಕೆಗೆ ತಂದ 1:35ರ ಪ್ರಮಾಣವನ್ನು ಪ್ರಪಂಚದ ಮಿಲಿಟರಿ ಮಾದರಿಕಾರರು ಇಂದಿಗೂ ಪಾಲಿಸುತ್ತಾರೆ. ಅದರ ಹುಟ್ಟು ಮಾತ್ರ ತೀರ ಲೌಕಿಕವಾದುದು: ಆಟಿಕೆಯ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಲು ಎಷ್ಟು ಜಾಗ ಬೇಕಿತ್ತೋ ಅದೇ ಪ್ರಮಾಣವಾಯಿತು. ಕಿಲ್ಲಾಕ್ಕೆ ಆ ಲೆಕ್ಕವೂ ಹೊಂದುವುದಿಲ್ಲ. ಐದೂವರೆ ಅಡಿಯ ಮನುಷ್ಯನನ್ನು ಮೂರು ಇಂಚಿನ ಗೊಂಬೆ ಮಾಡಿದರೆ ಪ್ರಮಾಣ 1:22 ಆಗುತ್ತದೆ. ಆ ಲೆಕ್ಕದಲ್ಲಿ ಸಾವಿರ ಅಡಿಯ ಬೆಟ್ಟ 45 ಅಡಿ ಎತ್ತರ ಇರಬೇಕು. ಅಂಗಳದ ಬೆಟ್ಟ ಮೂರು ಅಡಿ ಮೀರುವುದಿಲ್ಲ. ಆದ್ದರಿಂದ ಮಾವಳನ ತಲೆ ಮಹಾದ್ವಾರಕ್ಕಿಂತ ಮೇಲಿರುತ್ತದೆ. ಸಿಂಹಾಸನದ ಗೊಂಬೆ ಇಡೀ ಅರಮನೆಗಿಂತ ದೊಡ್ಡದಾಗಿರುತ್ತದೆ.

ಇದನ್ನು ಮಕ್ಕಳ ಅಜ್ಞಾನ ಎನ್ನುವಂತಿಲ್ಲ. ವಾಟರ್ಲೂ ಕದನದ ಮಾದರಿ ಕಟ್ಟಿದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸಿಬೋರ್ನ್ ರಣಭೂಮಿಯಲ್ಲೇ ಎಂಟು ತಿಂಗಳು ನಿಂತು ಅಳತೆ ಮಾಡಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ಆ ಮಾದರಿಯಲ್ಲಿ 70,000ಕ್ಕೂ ಹೆಚ್ಚು ಲೋಹದ ಸೈನಿಕರಿದ್ದರು. ನೆಲವನ್ನು ಮೈಲಿಗೆ ಒಂಬತ್ತು ಅಡಿಯಂತೆ ತಗ್ಗಿಸಿದ್ದ ಸಿಬೋರ್ನ್, ಅದೇ ಪ್ರಮಾಣ ಹಿಡಿದಿದ್ದರೆ ಸೈನಿಕರನ್ನು ಮೂರು ಮಿಲಿಮೀಟರಿಗೆ ಇಳಿಸಬೇಕಿತ್ತು. ಅವು ಅದರ ಮೂರು ಪಟ್ಟಿಗಿಂತ ದೊಡ್ಡವು. ಅಷ್ಟೇ ಅಲ್ಲ, ಗೆಲುವಿನಲ್ಲಿ ಪ್ರಷ್ಯದ ಸೈನ್ಯದ ಪಾಲು ಅತಿಯಾಗಿ ಕಾಣುತ್ತದೆಂಬ ತಕರಾರು ಬಂದಾಗ ಸಾವಿರಾರು ಪ್ರಷ್ಯನ್ ಗೊಂಬೆಗಳನ್ನು ತೆಗೆಯಬೇಕಾಯಿತು. ಅಳತೆ ಎಷ್ಟೇ ಬಿಗಿಯಾಗಿರಲಿ, ಯಾರನ್ನು ಕಾಣಿಸಬೇಕು, ಎಷ್ಟು ದೊಡ್ಡದಾಗಿ ಕಾಣಿಸಬೇಕು ಎಂಬುದನ್ನು ಕಟ್ಟುವವರ ಮನಸ್ಸೇ ತೀರ್ಮಾನಿಸುತ್ತದೆ. ದೇವಾಲಯದ ಶಿಲ್ಪಿಗಳು ಇದನ್ನು ಮುಚ್ಚಿಡಲಿಲ್ಲ. ದೇವರನ್ನು ದೊಡ್ಡದಾಗಿ, ಪರಿವಾರವನ್ನು ಚಿಕ್ಕದಾಗಿ ಕಡೆದರು. ತಾಳಮಾನವೆಂಬ ಅಳತೆಯ ಶಾಸ್ತ್ರ ಒಂದು ಮೂರ್ತಿಯ ಅಂಗಾಂಗಗಳಿಗೆ ಪರಸ್ಪರ ಹೊಂದಿಕೆಯನ್ನು ವಿಧಿಸುತ್ತದೆ. ಮೂರ್ತಿ ಹೊರಗಿನ ಯಾವುದರ ಎಷ್ಟನೆಯ ಪಾಲು ಎಂದು ಕೇಳುವುದಿಲ್ಲ.

ಈ ವಿಷಯವನ್ನು ಅತ್ಯಂತ ನಿಖರವಾಗಿ ವಿಂಗಡಿಸಿದವರು ಜೈನ ದಾರ್ಶನಿಕರು. ಒಂದು ವಸ್ತುವನ್ನು ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕು ಬಗೆಗಳಲ್ಲಿ ಗುರುತಿಸಬಹುದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಇದಕ್ಕೆ ನಿಕ್ಷೇಪವೆಂದು ಹೆಸರು. ಕನ್ನಡ ನಾಡಿನವನೇ ಎನ್ನಲಾಗುವ ಪೂಜ್ಯಪಾದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಸ್ಥಾಪನೆಯನ್ನು ವಿವರಿಸುವಾಗ ಮರದ ಕೆಲಸ, ಚಿತ್ರ, ಪಗಡೆಯ ದಾಳ ಮುಂತಾದವನ್ನು ಉದಾಹರಿಸುತ್ತಾನೆ. ಇವುಗಳಲ್ಲಿ ಯಾವುದನ್ನಾದರೂ ಮುಂದಿಟ್ಟುಕೊಂಡು ಇದು ಅದೇ ಎಂದು ನಿಶ್ಚಯಿಸುವುದೇ ಸ್ಥಾಪನೆ. ಮುಂದೆ ಇದರಲ್ಲೂ ಎರಡು ಬಗೆ ಮಾಡಿದರು. ಆಕಾರ ಹೋಲುವುದು ತದಾಕಾರ, ಹೋಲದಿರುವುದು ಅತದಾಕಾರ. ಚದುರಂಗದ ಕಾಯಿ ಆನೆಯಂತೆ ಕಾಣದಿದ್ದರೂ ಆಡುವವರಿಗೆ ಅದು ಆನೆಯೇ. ಕಿಲ್ಲಾದಲ್ಲಿ ಎರಡೂ ಬಗೆ ಒಟ್ಟಿಗೆ ಇವೆ. ಗಡ್ಡ, ಜಿರೇಟೋಪು ಇರುವ ಶಿವಾಜಿಯ ಗೊಂಬೆ ತದಾಕಾರ. ಮದ್ದಿನಮನೆ ಎಂದು ಇಟ್ಟ ಬೆಂಕಿಪೊಟ್ಟಣ, ಕೆರೆ ಎಂದು ಹೂತಿಟ್ಟ ತಟ್ಟೆ, ಗೊಂಬೆ ಸಾಲದಾದಾಗ ಮಾವಳನೆಂದು ನಿಲ್ಲಿಸಿದ ಬೆಣಚುಕಲ್ಲು ಅತದಾಕಾರ. ಜೈನ ವಿಂಗಡಣೆಯಲ್ಲಿ ಎರಡಕ್ಕೂ ಸಮಾನ ಸ್ಥಾನ, ಏಕೆಂದರೆ ಎರಡನ್ನೂ ಹಿಡಿದು ನಿಲ್ಲಿಸಿರುವುದು ನಿಶ್ಚಯವೊಂದೇ.

ಈ ನಿಶ್ಚಯಕ್ಕೆ ಹೊಣೆಗಾರಿಕೆಯೂ ಉಂಟೇ ಎಂಬುದು ಎರಡನೆಯ ಪ್ರಶ್ನೆ. ಕವಿ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಇದನ್ನೇ ಕಥೆಯಾಗಿ ಎತ್ತಿಕೊಂಡಿದೆ. ಕೆಟ್ಟ ಕನಸಿನ ಶಾಂತಿಗೆಂದು ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಬೇಕೆಂದಾಗ ಜೀವವಧೆಗೆ ಒಪ್ಪದ ದೊರೆ ಯಶೋಧರ ಹಿಟ್ಟಿನ ಹುಂಜವನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಒಂದೂ ಜೀವ ಹೋಗದಿದ್ದರೂ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ಅಲೆದು ಕೊಲ್ಲುವ, ಕೊಲ್ಲಿಸಿಕೊಳ್ಳುವ ಸರಣಿಗೆ ಸಿಕ್ಕಿಬೀಳುತ್ತಾರೆ. ಇದು ಹುಂಜ ಎಂದು ಸ್ಥಾಪಿಸಿಯಾದ ಮೇಲೆ ಕಡಿದದ್ದು ಹುಂಜವನ್ನೇ. ಜೈನರು ಇದನ್ನು ಸಂಕಲ್ಪ ಹಿಂಸೆ ಎನ್ನುತ್ತಾರೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಇದೇ ಕಥೆಯಿಂದ ಹುಟ್ಟಿತು. ಲಕ್ಷ್ಮೀಸೇನ ಭಟ್ಟಾರಕರ ಮಠವಿರುವ ಕೊಲ್ಹಾಪುರದ ಜೈನ ಮನೆಗಳಿಗೆ ಈ ತತ್ತ್ವ ಹೊಸದೇನಲ್ಲ.

ಮಾಧ್ವ ಸಂಪ್ರದಾಯದ ನಿಲುವು ಇದಕ್ಕೆ ಎದುರಾದುದು. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು, ಅಂದರೆ ಪಿಷ್ಟಪಶುವನ್ನು, ಅರ್ಪಿಸುವುದನ್ನು ಅದು ಸಮರ್ಥಿಸಿತು. ಜೀವ ಉಳಿಯಿತು, ವಿಧಿಯೂ ನಡೆಯಿತು. ಪ್ರತಿರೂಪ ಇಲ್ಲಿ ಹಿಂಸೆಯನ್ನು ತಪ್ಪಿಸುವ ಉಪಾಯ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕವನ್ನೇ ಬರೆದು ಹೆಚ್ಚುಕಡಿಮೆ ಇದೇ ವಾದ ಹೂಡಿದ್ದ. ಯುದ್ಧದ ಚಪಲವಿರುವವರು ನೆಲದ ಮೇಲೆ ಗೊಂಬೆಗಳನ್ನು ಉರುಳಿಸಲಿ, ನಿಜವಾದ ಯುದ್ಧ ಬೇಡ ಎಂಬುದು ಅದರ ಸಾರ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಅದರಿಂದ ವಾದ ಸುಳ್ಳಾಗುವುದಿಲ್ಲ. ಆಟದ ಯುದ್ಧ ನಿಜದ ಯುದ್ಧವನ್ನು ತಡೆಯುವಷ್ಟು ಬಲವುಳ್ಳದ್ದಲ್ಲ ಎಂಬುದಷ್ಟೇ ತಿಳಿಯುತ್ತದೆ.

ಎರಡು ನಿಲುವುಗಳ ನಡುವೆ ಕಿಲ್ಲಾ ಎಲ್ಲಿ ನಿಲ್ಲುತ್ತದೆಂದು ತಿಳಿಯಲು ಅದರಲ್ಲಿ ಏನು ನಡೆಯುತ್ತಿದೆ ಎಂದು ನೋಡಬೇಕು. ಸಾಮಾನ್ಯ ಕಿಲ್ಲಾದಲ್ಲಿ ಯಾರೂ ಯಾರನ್ನೂ ಕೊಲ್ಲುತ್ತಿರುವುದಿಲ್ಲ. ಶತ್ರುವಿನ ಗೊಂಬೆಯೇ ಅಪರೂಪ. ಮಾವಳ ಪಹರೆಯಲ್ಲಿದ್ದಾನೆ, ರಾಜ ಸಭೆಯಲ್ಲಿದ್ದಾನೆ, ಕೆಳಗೆ ಸಂತೆ ನಡೆದಿದೆ. ಪಾಶ್ಚಾತ್ಯ ಮಾದರಿಕಾರರು ಹೆಚ್ಚಾಗಿ ಕದನದ ಒಂದು ಕ್ಷಣವನ್ನು ಹಿಡಿಯುತ್ತಾರೆ: ಕುಸಿದ ಗೋಡೆ, ಹೊಗೆ, ಬಿದ್ದ ಕುದುರೆ. ಮಕ್ಕಳ ಕೋಟೆ ಹಿಡಿಯುವುದು ಕಾವಲಿನ ಹೊತ್ತನ್ನು. ಜನ್ನನ ಅಳತೆಗೋಲು ಇಟ್ಟರೂ ಇಲ್ಲಿ ಸಂಕಲ್ಪ ಕೊಲ್ಲುವುದರದಲ್ಲ, ಕಾಯುವುದರದು. ಆದರೆ ಅದೇ ಅಳತೆಗೋಲು ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗೊಂಬೆಯೊಂದಕ್ಕೆ ಶತ್ರುವೆಂದು ನೆರೆಮನೆಯವರ ಜಾತಿ, ಮತ, ಭಾಷೆಗಳ ಹೆಸರಿಟ್ಟು ಉರುಳಿಸಿದರೆ, ಉರುಳಿದ್ದು ಬರೀ ಮಣ್ಣು ಎಂದು ಕೈ ತೊಳೆದುಕೊಳ್ಳಲಾಗದು. ಎರಡು ಭಾಷೆಗಳ ಗಡಿಯಲ್ಲಿರುವ ಊರುಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಮೂರನೆಯದು ದೈವತ್ವದ ಪ್ರಶ್ನೆ. ಕಿಲ್ಲಾಕ್ಕೆ ಮಂತ್ರವಿಲ್ಲ, ಅರ್ಚಕರಿಲ್ಲ, ಅದನ್ನು ಕಟ್ಟಬೇಕೆಂಬ ವಿಧಿ ಯಾವ ಆಗಮದಲ್ಲೂ ಇಲ್ಲ. ಆದರೂ ಅದರ ಸುತ್ತ ರಂಗೋಲಿ ಬೀಳುತ್ತದೆ, ಚಪ್ಪಲಿ ಬಿಟ್ಟು ಹತ್ತಿರ ಹೋಗುತ್ತಾರೆ. ಈ ಸೀಮೆಯ ಹಬ್ಬಗಳ ಸಾಲಿನಲ್ಲಿ ನೋಡಿದಾಗ ಇದು ವಿಚಿತ್ರವೆನಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆ ಎಂಬ ಮಾತಿದೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಕಾರಹುಣ್ಣಿಮೆಗೆ ಕೊಲ್ಹಾಪುರದ ಕಡೆ ಕರ್ನಾಟಕಿ ಬೇಂದೂರ ಎಂದೇ ಹೆಸರು. ಅಂದು ಮಣ್ಣಿನ ಎತ್ತುಗಳಿಗೆ ಪೂಜೆ. ದೀಪಾವಳಿಯ ಪಾಡ್ಯಕ್ಕೆ ಹೆಂಗಸರು ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಸಿಕ್ಕಿಸಿ ಬಾಗಿಲಲ್ಲಿ ಕೂರಿಸುತ್ತಾರೆ. ಕರ್ನಾಟಕದ ಹಲವೆಡೆ ಅದೇ ದಿನ ಬಲಿ ಚಕ್ರವರ್ತಿಗೆ ಸಗಣಿಯ ಕೋಟೆ ಕಟ್ಟುತ್ತಾರೆ. ಪಾತಾಳದಿಂದ ವರ್ಷಕ್ಕೊಮ್ಮೆ ಬಂದು ಹೋಗುವ ಅರಸನಿಗೆ ಅಷ್ಟು ಹೊತ್ತು ಬಾಳುವ ಕೋಟೆ ಸಾಕು. ತಾಯಿ ಹೊಸ್ತಿಲಲ್ಲಿ ಸಗಣಿಯ ಪಾಂಡವರನ್ನು ಕೂರಿಸುವಾಗ ಮಗ ಅಂಗಳದಲ್ಲಿ ಮಣ್ಣಿನ ಮಾವಳರನ್ನು ನಿಲ್ಲಿಸುತ್ತಿರುತ್ತಾನೆ. ಇಬ್ಬರ ಕೈಕೆಲಸ ಒಂದೇ ಜಾತಿಯದು.

ಈ ಪೂಜೆಗಳ ತತ್ತ್ವ ಗುಡಿಯ ಮೂರ್ತಿಯದಕ್ಕಿಂತ ಬೇರೆ. ಗುಡಿಯ ಶಿಲೆಗೆ ಪ್ರಾಣಪ್ರತಿಷ್ಠೆ ಒಮ್ಮೆ ಆಗುತ್ತದೆ, ಬಳಿಕ ಅದು ನಿತ್ಯ ಸನ್ನಿಧಿ. ಮಣ್ಣಿನ ಮೂರ್ತಿಗೆ ಆವಾಹನೆ, ಪೂಜೆ, ವಿಸರ್ಜನೆ ಎಂಬ ಮೂರು ಹೆಜ್ಜೆ. ಸಂಕಲ್ಪದಿಂದ ಬರಮಾಡಿಕೊಂಡದ್ದನ್ನು ಸಂಕಲ್ಪದಿಂದಲೇ ಕಳುಹಿಸಿಕೊಡಬೇಕು. ಕಳುಹಿಸದೆ ಬಿಟ್ಟರೆ ಅದು ಲೋಪ. ವಿಸರ್ಜನೆಯಾದ ಮೇಲೆ ಉಳಿಯುವ ಮಣ್ಣು ಮಣ್ಣೇ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯನ್ನೇ ಉದಾಹರಣೆಯಾಗಿ ಕೊಡುತ್ತಾನೆ: ಮುದ್ದೆಯನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ, ಉಳಿದದ್ದು ಹೆಸರಿನ ಭೇದ. ಶಂಕರರು ಇದರಿಂದ ಕಾರಣವೊಂದೇ ಸತ್ಯ, ಆಕಾರ ತೋರಿಕೆ ಎಂದು ಸಾಧಿಸಿದರು. ಮಧ್ವರು ಭೇದವೂ ನಿಜವೇ ಎಂದು ಅದನ್ನು ಒಪ್ಪಲಿಲ್ಲ. ಕಿಲ್ಲಾ ಕಟ್ಟುವ ಮಕ್ಕಳು ಒಂದೇ ವಾರದಲ್ಲಿ ಎರಡೂ ಪಕ್ಷದಲ್ಲಿ ನಿಲ್ಲುತ್ತಾರೆ. ಹಬ್ಬದ ದಿನ ಯಾರಾದರೂ ಬುರುಜಿನ ಮೇಲೆ ಕಾಲಿಟ್ಟರೆ ಅದು ಬರೀ ಮಣ್ಣು ಎಂಬ ಸಮಾಧಾನ ಅವರಿಗೆ ನಡೆಯುವುದಿಲ್ಲ. ವಾರ ಕಳೆದ ಮೇಲೆ ಅದೇ ಬುರುಜನ್ನು ತಾವೇ ಸನಿಕೆಯಿಂದ ಕೆರೆಯುತ್ತಾರೆ.

ಪ್ರತಿರೂಪಕ್ಕೆ ಸಲ್ಲಿಸಿದ ಗೌರವ ಮೂಲಕ್ಕೆ ತಲುಪುತ್ತದೆಯೇ ಎಂಬ ಆಕ್ಷೇಪವೊಂದು ಉಳಿದಿದೆ. ಇದನ್ನು ವಚನಕಾರರಷ್ಟು ಖಾರವಾಗಿ ಎತ್ತಿದವರಿಲ್ಲ. ಕಲ್ಲಿನ ಹಾವಿಗೆ ಭಕ್ತಿ ತೋರಿ ಎದುರಿಗೆ ಬಂದ ಹಾವನ್ನು ಬಡಿಯುವ ಇಬ್ಬಂದಿತನವನ್ನು ಬಸವಣ್ಣ ಬಯಲಿಗೆಳೆದ. ಸ್ಥಾವರ, ಜಂಗಮ ಎಂಬ ಭೇದದಲ್ಲಿ ನಿಂತದ್ದಕ್ಕಿಂತ ನಡೆದಾಡುವುದಕ್ಕೆ ಹೆಚ್ಚಿನ ಬೆಲೆ ಕೊಟ್ಟ. ಲಿಂಗಾಯತರು ಹೆಚ್ಚಾಗಿರುವ ಗಡಹಿಂಗ್ಲಜದ ಕಡೆ ಈ ಆಕ್ಷೇಪವನ್ನು ಕಿಲ್ಲಾಕ್ಕೂ ಹಚ್ಚಿ ನೋಡಬಹುದು. ಮಣ್ಣಿನ ಬುರುಜಿಗೆ ಹಣತೆ ಇಡುವ ನಾಡಿನಲ್ಲೇ ನಿಜವಾದ ಬುರುಜುಗಳ ಮೇಲೆ ಮೊಳೆಯಿಂದ ಕೊರೆದ ಹೆಸರುಗಳು ಕಾಣುತ್ತವೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಕೊಲ್ಹಾಪುರದ ಪನ್ಹಾಳವಿದೆ. ಚಂದಗಡ, ಗಡಹಿಂಗ್ಲಜಗಳ ಕೋಟೆಗಳು ಅದರಲ್ಲಿಲ್ಲ. ಅವುಗಳನ್ನು ಕಾಯುವುದೇನಿದ್ದರೂ ಸುತ್ತಲಿನವರ ಪಾಲಿಗೇ ಬಂದಿದೆ.

ಕೋಟೆ ಎಂದರೆ ಗೋಡೆಯೋ ಅದರೊಳಗಿನ ಜನವೋ ಎಂಬುದಕ್ಕೆ ಈ ಸೀಮೆಯ ಇತಿಹಾಸದಲ್ಲೇ ಎರಡು ನಿದರ್ಶನಗಳಿವೆ. ತಲೆಮಾರುಗಳಿಂದ ಕೋಟೆ ಕಾಯುತ್ತಿದ್ದ ಗಡಕರಿಗಳ ಚಾಕರಿ ಭೂಮಿಯನ್ನು ಕೊಲ್ಹಾಪುರದ ಹೊಸ ಆಡಳಿತ ಮಾಮಲೇದಾರರ ಕೈಕೆಳಗೆ ತಂದಾಗ, 1844ರಲ್ಲಿ ಸಾಮಾನಗಡದ ಗಡಕರಿಗಳು ಬಾಗಿಲು ಹಾಕಿ ದಂಗೆ ಎದ್ದರು. ಅಕ್ಟೋಬರಿನಲ್ಲಿ ಬ್ರಿಟಿಷ್ ಸೇನೆ ಗಡವನ್ನು ಹಿಡಿಯಿತು. ಬಳಿಕ ಅದರ ರಕ್ಷಣೆಯ ಗೋಡೆಗಳನ್ನು ಕೆಡವಲಾಯಿತು. ಕಾವಲಿನವರ ಅನ್ನಕ್ಕೆ ಕೈ ಹಾಕಿದಲ್ಲಿ ಕಲ್ಲಿನ ಕೋಟೆಯೂ ಉಳಿಯಲಿಲ್ಲ. ಪಾರಗಡದಲ್ಲಿ ಗೋಡೆ ಅಲ್ಲಲ್ಲಿ ಜರಿದಿದೆ, ಕಾವಲಿಗೆ ಬಂದವರ ಸಂತತಿ ಇನ್ನೂ ಇದೆ, ಭವಾನಿಯ ಗುಡಿಯಲ್ಲಿ ದೀಪ ಉರಿಯುತ್ತಿದೆ. ವಚನಕಾರರ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಉಳಿದದ್ದು ಜಂಗಮ. ಕಿಲ್ಲಾ ಕಟ್ಟಿದ ಮಕ್ಕಳನ್ನು ಒಮ್ಮೆ ಗಡ ಹತ್ತಿಸಿ, ಅಲ್ಲಿನವರ ಮನೆಯಲ್ಲಿ ನೀರು ಕುಡಿಸಿ ಕರೆತಂದರೆ, ಇದು ಅದೇ ಎಂಬ ನಿಶ್ಚಯದಲ್ಲಿ ‘ಅದು’ ಏನೆಂಬುದು ಅವರಿಗೆ ಗೊತ್ತಾಗುತ್ತದೆ. ಆಕ್ಷೇಪಕ್ಕೆ ಇರುವ ಸಮಾಧಾನ ಇಷ್ಟೇ.

ಕಿಲ್ಲಾ ಕೆಡವುವುದಕ್ಕೆ ಗೊತ್ತಾದ ತಿಥಿ ಇಲ್ಲ. ಕೆಲವರು ತುಳಸಿ ಲಗ್ನದವರೆಗೆ ಇಡುತ್ತಾರೆ, ಕೆಲವೆಡೆ ಅಕಾಲದ ಮಳೆಯೊಂದು ಆ ಕೆಲಸವನ್ನು ಮುಗಿಸುತ್ತದೆ. ಮೊದಲು ಗೊಂಬೆಗಳನ್ನು ಎತ್ತುತ್ತಾರೆ. ಅವನ್ನು ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕುತ್ತಾರೆ. ಬೇರುಬಿಟ್ಟ ಅಳವಿ ಗೋಣಿಯಿಂದ ಬಿಡಿಸಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಸುತ್ತಿ ತಿಪ್ಪೆಗೆ ಒಯ್ಯುತ್ತಾರೆ. ಕಲ್ಲು ಗೋಡೆಯ ಮೂಲೆಗೆ, ಮಣ್ಣು ತುಳಸಿಕಟ್ಟೆಗೆ, ಹೂಗಿಡಗಳ ಪಾತಿಗೆ. ಅಂಗಳ ಸಾರಿಸಿದ ಮೇಲೆ ಕೋಟೆ ಇದ್ದ ಗುರುತಾಗಿ ಗೋಡೆಯ ಮೇಲೆ ಮೂರು ಅಡಿ ಎತ್ತರಕ್ಕೆ ಕೆಂಪು ಕಲೆಯೊಂದು ನಿಲ್ಲುತ್ತದೆ. ಮುಂದಿನ ದೀಪಾವಳಿಗೆ ಸುಣ್ಣ ಬಳಿಯುವವರೆಗೆ ಅದು ಅಲ್ಲೇ ಇರುತ್ತದೆ.